ಸವೆದುಹೋದ ಪರ್ವತಗಳ ಆಧಾರದ ಮೇಲೆ ಮಹಾಖಂಡಗಳನ್ನು ಜೋಡಿಸುವುದು ಎಷ್ಟರಮಟ್ಟಿಗೆ ಸರಿ?

ಪ್ರಶ್ನೆ – ಬೆಣಚುಕಲ್ಲು

ಸುಮಾರು 100 ಕೋಟಿ ವರ್ಷಗಳ ಹಿಂದೆ ಇತ್ತೆನ್ನಲಾದ ರೊಡಿನಿಯಾ ಮಹಾಖಂಡದ ನಕಾಶೆಗಳನ್ನು ನೋಡುವಾಗಲೆಲ್ಲ ನನಗೆ ಒಂದೇ ಅನುಮಾನ ಕಾಡುತ್ತದೆ. ಅದಕ್ಕಿಂತ ಈಚಿನ ಮಹಾಖಂಡ ಪ್ಯಾಂಜಿಯಾದ ವಿಷಯ ಬೇರೆ: ಅಟ್ಲಾಂಟಿಕ್‌ನ ಎರಡು ದಡಗಳು ಇಂದಿಗೂ ಹೊಂದಿಕೊಳ್ಳುತ್ತವೆ, ಪಳೆಯುಳಿಕೆಗಳ ಸಾಕ್ಷ್ಯವಿದೆ, ಸಾಗರತಳದ ವಯಸ್ಸನ್ನು ಹಿಂದಕ್ಕೆ ಎಣಿಸುತ್ತ ಹೋದರೆ ಖಂಡಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. 100 ಕೋಟಿ ವರ್ಷಗಳ ಹಿಂದಿನ ಲೋಕಕ್ಕೆ ಇವು ಯಾವುವೂ ಒದಗುವುದಿಲ್ಲ. ಆದರೂ ಕೆನಡಾದ ಗ್ರೆನ್ವಿಲ್ ಪಟ್ಟಿ (ಸವೆದುಹೋದ ಪರ್ವತಶ್ರೇಣಿಯ ಜಾಡು), ಭಾರತದ ಪೂರ್ವಘಟ್ಟ, ಅಂಟಾರ್ಕ್ಟಿಕಾದ ಕರಾವಳಿ ಇವುಗಳ ರೂಪಾಂತರ ಶಿಲೆಗಳಿಗೆ (ಒತ್ತಡ, ಬಿಸಿಯಿಂದ ಮಾರ್ಪಟ್ಟ ಕಲ್ಲುಗಳಿಗೆ) ಹೆಚ್ಚುಕಡಿಮೆ ಒಂದೇ ವಯಸ್ಸು ಎಂಬ ಕಾರಣಕ್ಕೆ ಅವನ್ನೆಲ್ಲ ಒಂದೇ ಮಹಾಖಂಡಕ್ಕೆ ಸೇರಿಸುತ್ತಾರೆ. ಒಂದೇ ವರ್ಷ ಹುಟ್ಟಿದವರನ್ನೆಲ್ಲ ಒಡಹುಟ್ಟಿದವರೆಂದು ಕರೆದ ಹಾಗಾಗುವುದಿಲ್ಲವೇ? ಅದಕ್ಕೂ ಮೊದಲು, ಇಂದು ಸಮತಟ್ಟಾಗಿರುವ ನೆಲದಲ್ಲಿ ಹಿಂದೊಮ್ಮೆ ಪರ್ವತಶ್ರೇಣಿ ಇತ್ತೆಂದು ಯಾವ ಧೈರ್ಯದಿಂದ ಹೇಳುತ್ತಾರೆ?

ಉತ್ತರ – ತೆಳುಬಿಲ್ಲೆ

ನಿಮ್ಮ ಎರಡನೆಯ ಪ್ರಶ್ನೆಯೇ ನಿಜಕ್ಕೂ ಮೊದಲು ಬರಬೇಕಾದದ್ದು, ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

ಪರ್ವತದ ತಲೆ ಸವೆಯುತ್ತದೆ, ಬುಡ ಉಳಿಯುತ್ತದೆ. ಹಳೆಯ ಪಟ್ಟಿಗಳಲ್ಲಿ ನಾವು ನಡೆದಾಡುವುದು ಆ ಬುಡದ ಮೇಲೆ. ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ಉಜ್ಜಿ, ಬೆಳಕು ಹಾಯುವಂತೆ ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ಧ್ರುವೀಕರಿಸಿದ ಬೆಳಕಿನಲ್ಲಿ ಉಳಿದ ಖನಿಜಗಳು ಬಣ್ಣ ಬದಲಿಸುತ್ತಿರುವಾಗ, ಬಿಲ್ಲೆಯನ್ನು ಎಷ್ಟು ತಿರುಗಿಸಿದರೂ ಗಾರ್ನೆಟ್ ಮಾತ್ರ ಕಪ್ಪಾಗಿಯೇ ಕೂತಿರುತ್ತದೆ. ಅದರ ಒಡಲಲ್ಲಿ ಕಯನೈಟ್‌ನ ಒಂದು ಚೂರು ಸಿಕ್ಕಿಕೊಂಡಿದ್ದು, ಹೊರಗೆ ಎಲ್ಲೆಡೆ ಸಿಲಿಮನೈಟ್‌ನ ಸೂಜಿಗಳೇ ಹರಡಿದ್ದರೆ, ಆ ಕಲ್ಲು ಮೊದಲು ಹೆಚ್ಚು ಒತ್ತಡದಲ್ಲಿದ್ದು ಆಮೇಲೆ ಹೆಚ್ಚು ಬಿಸಿಯಾಯಿತು ಎಂದು ಓದಿಕೊಳ್ಳಬಹುದು. ಕಯನೈಟ್, ಸಿಲಿಮನೈಟ್ ಇವೆರಡರ ರಾಸಾಯನಿಕ ಸೂತ್ರ ಒಂದೇ. ಯಾವ ರೂಪ ತಾಳಬೇಕೆಂಬುದನ್ನು ಒತ್ತಡ ಮತ್ತು ಉಷ್ಣತೆ ನಿರ್ಧರಿಸುತ್ತವೆ. ಗಾರ್ನೆಟ್‌ನ ಅಂಚನ್ನು ಕರಗಿಸಿಕೊಂಡು ಕಾರ್ಡಿಯರೈಟ್ ಎಂಬ ಕಡಿಮೆ ಒತ್ತಡದ ಖನಿಜ ಬೆಳೆದಿದ್ದರೆ, ಕಲ್ಲು ಬಿಸಿಯಾಗಿರುವಾಗಲೇ ಮೇಲೆದ್ದು ಬಂದು ಅದರ ಮೇಲಿನ ಒತ್ತಡ ಇಳಿದಿದೆ ಎಂದರ್ಥ. ಹೂತುಹೋಗುವುದು, ಕಾಯುವುದು, ಮೇಲೇಳುವುದು ಎಂಬ ಈ ಅನುಕ್ರಮ ಎರಡು ಖಂಡಗಳು ಗುದ್ದಿಕೊಂಡು ಭೂತೊಗಟೆ ದಪ್ಪವಾದ ಕಡೆ ಕಾಣುವಂಥದ್ದು.

ಇದಕ್ಕೆ ಒಂದು ಲೆಕ್ಕವನ್ನೂ ಸೇರಿಸಿ. ಖನಿಜಗಳು 8 ಕಿಲೋಬಾರ್ ಒತ್ತಡವನ್ನು ಸೂಚಿಸಿದರೆ ಆ ಕಲ್ಲು ಸುಮಾರು 29 ಕಿ.ಮೀ. ಆಳದಲ್ಲಿತ್ತು. ಇಂದು ಅದು ನೆಲದ ಮೇಲಿದೆ, ಅದರ ಕೆಳಗೆ ಇನ್ನೂ 35–40 ಕಿ.ಮೀ. ತೊಗಟೆಯಿದೆ. ಹಾಗಾದರೆ ಅಂದಿನ ಒಟ್ಟು ದಪ್ಪ ಸುಮಾರು 64–69 ಕಿ.ಮೀ. ಇತ್ತು; ಇಂದಿನ ಟಿಬೆಟ್‌ನ ಕೆಳಗಿರುವ ತೊಗಟೆ ಸುಮಾರು 70 ಕಿ.ಮೀ. (ಆಮೇಲೆ ಬುಡಕ್ಕೆ ಶಿಲಾರಸ ಬಂದು ಸೇರಿಕೊಂಡಿದ್ದರೆ ಈ ಲೆಕ್ಕ ಸ್ವಲ್ಪ ತಗ್ಗುತ್ತದೆ, ಆ ಮಾತನ್ನು ಮುಚ್ಚಿಡಬಾರದು.)

ಉತ್ತರ – ಸೀಸದಗಡಿಯಾರ

ವಯಸ್ಸಿನ ಬಗ್ಗೆ ನನ್ನದೊಂದು ಮಾತು. "ಒಂದೇ ವಯಸ್ಸು" ಎಂದಾಗ ಯಾವುದರ ವಯಸ್ಸು ಎಂದು ಕೇಳಿಕೊಳ್ಳಬೇಕು.

ಜಿರ್ಕಾನ್ ಎಂಬ ಖನಿಜದ ಹರಳು ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ನಿಲ್ಲಿಸುತ್ತದೆ. ಆದ್ದರಿಂದ ಆಮೇಲೆ ಅಲ್ಲಿ ಕಾಣುವ ಸೀಸವೆಲ್ಲ ಬಹುಪಾಲು ಯುರೇನಿಯಂ ಕ್ಷಯಿಸಿ ಆದದ್ದು. ಯುರೇನಿಯಂ-238ರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 447 ಕೋಟಿ ವರ್ಷ, ಯುರೇನಿಯಂ-235ರದ್ದು 70.4 ಕೋಟಿ ವರ್ಷ. ಒಂದೇ ಹರಳಿನಲ್ಲಿರುವ ಈ ಎರಡು ಗಡಿಯಾರಗಳು ಒಂದೇ ಹೊತ್ತನ್ನು ತೋರಿಸಿದರೆ ಮಾತ್ರ ಆ ವಯಸ್ಸನ್ನು ನಿಶ್ಚಿಂತೆಯಿಂದ ನಂಬಬಹುದು. ಎಲೆಕ್ಟ್ರಾನ್ ಕಿರಣ ಬಿದ್ದಾಗ ಜಿರ್ಕಾನ್ ಹೊಳೆಯುತ್ತದೆ, ಆಗ ಮರದ ಬೆಳವಣಿಗೆಯ ಉಂಗುರಗಳಂತೆ ಒಳತಿರುಳು ಮತ್ತು ಹೊರಪದರ ಬೇರೆ ಬೇರೆಯಾಗಿ ಕಾಣುತ್ತವೆ. ತಿರುಳು ಮೂಲಶಿಲೆಯ ಕಾಲವನ್ನು ಹೇಳಿದರೆ, ರೂಪಾಂತರದ ವೇಳೆ ಬೆಳೆದ ಅಂಚು ಪರ್ವತ ಎದ್ದ ಕಾಲವನ್ನು ಹೇಳುತ್ತದೆ. ಇಡೀ ಹರಳನ್ನು ಕರಗಿಸಿ ಅಳೆದರೆ ಇವೆರಡರ ಮಿಶ್ರಣವಾದ, ಯಾವ ಘಟನೆಗೂ ಸೇರದ ಒಂದು ಸಂಖ್ಯೆ ಸಿಕ್ಕಿಬಿಡಬಹುದು. ಹಳೆಯ ಹೋಲಿಕೆಗಳಲ್ಲಿ ಕೆಲವು ಬಿದ್ದುಹೋದದ್ದು ಇದೇ ಕಾರಣಕ್ಕೆ. ಹಾಗಾಗಿ ಹೋಲಿಸಬೇಕಾದದ್ದು ಅಂಚುಗಳನ್ನು ಮಾತ್ರವಲ್ಲ, ತಿರುಳುಗಳನ್ನೂ ಹೌದು. ಎರಡೂ ಕಡೆ ಎರಡೂ ತಾಳೆಯಾದರೆ ನಿಮ್ಮ ಒಡಹುಟ್ಟಿದವರ ಆಕ್ಷೇಪಣೆಯ ಬಲ ಬಹಳ ಕುಂದುತ್ತದೆ.

ಉತ್ತರ – ಉತ್ತರಮುಖಿ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಪ್ರಶ್ನೆ ಕೇಳಿದವರ ಅನುಮಾನವನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ.

ಪೂರ್ವಘಟ್ಟದ ಉತ್ತರಭಾಗವನ್ನೂ ಪೂರ್ವ ಅಂಟಾರ್ಕ್ಟಿಕಾದ ರೇನರ್ ಪ್ರದೇಶವನ್ನೂ ಜೋಡಿಸಿರುವುದು ಗಟ್ಟಿಯಾದ ಕೆಲಸ. ಎರಡರಲ್ಲಿಯೂ ಸುಮಾರು 100ರಿಂದ 90 ಕೋಟಿ ವರ್ಷಗಳ ಹಿಂದಿನ ತೀವ್ರ ಉಷ್ಣತೆಯಲ್ಲಿ ರೂಪಾಂತರಗೊಂಡ ಗ್ರಾನ್ಯುಲೈಟ್‌ಗಳಿವೆ, ಗ್ರಾನೈಟ್ ಜಾತಿಯ ಚಾರ್ನೊಕೈಟ್‌ಗಳಿವೆ, ಮತ್ತು ಸುಮಾರು 13 ಕೋಟಿ ವರ್ಷಗಳ ಹಿಂದೆ ದಕ್ಷಿಣದ ಮಹಾಖಂಡ ಗೊಂಡ್ವಾನ ಒಡೆಯುವವರೆಗೂ ಅವು ಅಕ್ಕಪಕ್ಕದಲ್ಲಿಯೇ ಇದ್ದವು. ಇಷ್ಟರಿಂದ ಭಾರತ ಮತ್ತು ಅಂಟಾರ್ಕ್ಟಿಕಾದ ಆ ತುಣುಕು ಒಂದೇ ಪರ್ವತದ ಎರಡು ಹೋಳುಗಳೆಂದು ಹೇಳಬಹುದು. ಆದರೆ ಆ ಜೋಡಿ ಗ್ರೆನ್ವಿಲ್ ಪಟ್ಟಿಗೆ ಅಂಟಿಕೊಂಡಿತ್ತೆಂದು ಹೇಳಲು ಇಷ್ಟು ಸಾಲದು.

ಇಲ್ಲಿ ಶಿಲೆಗಳ ಕಾಂತತ್ವ ನೆರವಿಗೆ ಬರುತ್ತದೆ. ಲಾವಾ ತಣ್ಣಗಾಗುವಾಗ ಅದರಲ್ಲಿನ ಕಬ್ಬಿಣದ ಖನಿಜಗಳು ಅಂದಿನ ಭೂಕಾಂತ ಕ್ಷೇತ್ರದ ದಿಕ್ಕನ್ನೂ ಬಾಗನ್ನೂ (ನೆಲಮಟ್ಟಕ್ಕೆ ಅದು ವಾಲಿದ ಕೋನವನ್ನೂ) ಉಳಿಸಿಕೊಳ್ಳುತ್ತವೆ, ಬಾಗಿನಿಂದ ಅಕ್ಷಾಂಶ ತಿಳಿಯುತ್ತದೆ. ರಾಜಸ್ಥಾನದ ಮಲಾನಿ ಲಾವಾಗಳು ಸುಮಾರು 75–77 ಕೋಟಿ ವರ್ಷ ಹಳೆಯವು. ಪಶ್ಚಿಮ ಆಸ್ಟ್ರೇಲಿಯಾದ ಮಂಡೈನ್ ವೆಲ್ ಒಡ್ಡುಶಿಲೆಗಳಿಗೆ (ಬಿರುಕುಗಳಲ್ಲಿ ಹೊಕ್ಕು ಗಟ್ಟಿಯಾದ ಶಿಲಾರಸಕ್ಕೆ) ಸುಮಾರು 75.5 ಕೋಟಿ ವರ್ಷ. ಗೊಂಡ್ವಾನದಲ್ಲಿದ್ದಂತೆ ಭಾರತ–ಆಸ್ಟ್ರೇಲಿಯಾಗಳನ್ನು ಪಕ್ಕಪಕ್ಕ ಇಟ್ಟರೆ ಈ ಎರಡರ ಅಕ್ಷಾಂಶಗಳು ಹೊಂದುವುದೇ ಇಲ್ಲ. ಅಂದರೆ ಆಗ ಅವು ಆ ಜೋಡಣೆಯಲ್ಲಿ ಇರಲಿಲ್ಲ. ಪೂರ್ವ ಗೊಂಡ್ವಾನ (ಭಾರತ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ) ಹಿಂದಿನಿಂದಲೂ ಒಂದೇ ಗಟ್ಟಿ ತುಂಡಾಗಿತ್ತೆಂಬ ಹಳೆಯ ನಂಬಿಕೆಗೆ ಇದು ದೊಡ್ಡ ಪೆಟ್ಟು. ಭಾರತ ರೊಡಿನಿಯಾದ ಅಂಗವೇ ಆಗಿತ್ತೋ ಇಲ್ಲವೋ ಎಂಬ ವಿವಾದ ಇನ್ನೂ ಮುಗಿದಿಲ್ಲ.

ಕಾಂತತ್ವಕ್ಕೂ ಒಂದು ಮಿತಿಯಿದೆ: ಅದು ಅಕ್ಷಾಂಶವನ್ನು ಕೊಡುತ್ತದೆ, ರೇಖಾಂಶವನ್ನು ಕೊಡುವುದಿಲ್ಲ. ಉತ್ತರ ಅಮೆರಿಕದ ಪಶ್ಚಿಮದ ಅಂಚಿಗೆ 1991ರಲ್ಲಿ ಪೂರ್ವ ಅಂಟಾರ್ಕ್ಟಿಕಾವನ್ನು ಜೋಡಿಸಿದರು, ಆಮೇಲೆ ಕೆಲವರು ಅಲ್ಲಿಗೆ ಆಸ್ಟ್ರೇಲಿಯಾವನ್ನು ತಂದರು, ಮತ್ತೆ ಕೆಲವರು ನಡುವೆ ದಕ್ಷಿಣ ಚೀನಾವನ್ನು ತೂರಿಸಿದರು. ನಕಾಶೆಯಲ್ಲಿ ಎಲ್ಲವೂ ಒಂದೇ ದಪ್ಪದ ಗೆರೆಯಲ್ಲಿ ಬರುವುದರಿಂದ ಗಟ್ಟಿ ಜೋಡಣೆ ಯಾವುದು, ಊಹೆ ಯಾವುದು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ನನ್ನ ತಕರಾರು ಇರುವುದು ಅದರ ಬಗ್ಗೆ.

ಮರುಪ್ರಶ್ನೆ – ಬೆಣಚುಕಲ್ಲು

ಮೂವರಿಗೂ ಕೃತಜ್ಞತೆಗಳು. ಇನ್ನೊಂದು ವಿಷಯ ಉಳಿಯಿತು: ಆಂಡಿಸ್ ಪರ್ವತಗಳು ಎರಡು ಖಂಡಗಳು ಗುದ್ದಿಕೊಂಡು ಎದ್ದವುಗಳಲ್ಲವಲ್ಲ. ಹಳೆಯ ಪಟ್ಟಿಯೊಂದು ಆ ಬಗೆಯದೋ ಹಿಮಾಲಯದ ಬಗೆಯದೋ ಎಂದು ಹೇಗೆ ಬೇರ್ಪಡಿಸುತ್ತಾರೆ?

ಉತ್ತರ – ತೆಳುಬಿಲ್ಲೆ

ಪಟ್ಟಿಯನ್ನು ಅಡ್ಡಲಾಗಿ ದಾಟಿ ನೋಡಬೇಕು. ಒಂದು ಬದಿಯ ಹಳೆಯ ತೊಗಟೆಗೂ ಇನ್ನೊಂದು ಬದಿಯ ಹಳೆಯ ತೊಗಟೆಗೂ ಸಂಬಂಧವೇ ಇಲ್ಲದಿದ್ದರೆ, ಅವುಗಳ ನಡುವೆ ಸಾಗರತಳದ ಚೂರುಗಳೋ ಬಹಳ ಆಳಕ್ಕಿಳಿದು ಮಾರ್ಪಟ್ಟ ಎಕ್ಲೋಜೈಟ್‌ನ ತುಣುಕುಗಳೋ ಉಳಿದಿದ್ದರೆ, ಅದು ಒಂದು ಸಾಗರ ಮುಚ್ಚಿ ಎರಡು ಖಂಡಗಳು ಬೆಸೆದ ಹೊಲಿಗೆ. ಆಂಡಿಸ್ ಬಗೆಯ ಪರ್ವತಕ್ಕೆ ಆಚೆಬದಿಯ ಖಂಡವೇ ಇರುವುದಿಲ್ಲ. ಅಲ್ಲಿ ಕೋಟ್ಯಂತರ ವರ್ಷಗಳ ಕಾಲ ಎಡೆಬಿಡದೆ ಹೊಕ್ಕ ಗ್ರಾನೈಟ್ ಜಾತಿಯ ಶಿಲೆಗಳು ಸಾಲುಗಟ್ಟಿರುತ್ತವೆ. ತೊಡಕಿರುವುದು ಏನೆಂದರೆ, ಸಾಗರ ಮುಚ್ಚುವ ಮೊದಲು ಹಿಮಾಲಯದ ಉತ್ತರಕ್ಕಿರುವ ಏಷ್ಯಾದ ದಕ್ಷಿಣದ ಅಂಚೂ ಆಂಡಿಸ್‌ನಂತೆಯೇ ಇತ್ತು. ಆದ್ದರಿಂದ ಒಂದೇ ಪಟ್ಟಿಯಲ್ಲಿ ಎರಡೂ ಕುರುಹುಗಳು ಸಿಗುವುದು ಸಾಮಾನ್ಯ, ಯಾವುದು ಮೊದಲಿನದೆಂದು ತಿಳಿಯಲು ಮತ್ತೆ ಜಿರ್ಕಾನ್‌ನ ಅಂಚಿಗೇ ಹೋಗಬೇಕಾಗುತ್ತದೆ.