ಪಿಕ್ ಲೈನ್ ಹಾಕಿದ ಕೈಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಏನು ನೋಡಿಕೊಳ್ಳಬೇಕು?

ಪ್ರಶ್ನೆ (ಬೀದರ್): ಮಗಳಿಗೆ 14 ವರ್ಷ, ಸಿಸ್ಟಿಕ್ ಫೈಬ್ರೋಸಿಸ್ (ಹುಟ್ಟಿನಿಂದ ಬರೋ ಶ್ವಾಸಕೋಶ, ಪಚನದ ಕಾಯಿಲೆ) ಅದ. ಎರಡು ವಾರ ಸೆಫ್ಟಾಜಿಡಿಮ್, ಟೋಬ್ರಾಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಕೊಡಬೇಕು, ಪಿಕ್ ಲೈನ್ (ಕೈ ರಕ್ತನಾಳದಿಂದ ಹೃದಯದ ಹತ್ರ ತನಕ ಹೋಗೋ ಸಣ್ಣ ಕೊಳವಿ) ಹಾಕಿ ಮನಿಗೆ ಕಳಸ್ತೀವಿ ಅಂದಾರ. ಹೋದ ಸಲ ಬಲಗೈ ಲೈನಿಗೆ ರಕ್ತ ಹೆಪ್ಪುಗಟ್ಟಿತ್ತು. ಈ ಸಲ ಏನೇನು ನೋಡಬೇಕ್ರಿ?

ನರ್ಸ್, ಕಲಬುರಗಿ: ಅಕ್ಕಾರ, ಅರ್ಧ ಕೆಲಸ ಲೈನ್ ಹಾಕೋಕಿಂತ ಮೊದಲೇ ಆಗಬೇಕು. ಹಿಂದ ಹೆಪ್ಪುಗಟ್ಟಿದ್ದು ಮೊದಲೇ ಹೇಳ್ರಿ. ಎರಡೂ ಕೈ, ಕುತ್ತಿಗಿ ಡಾಪ್ಲರ್ (ನಾಳದಾಗ ರಕ್ತ ಹರಿಯೋದು ನೋಡೋ ಸ್ಕ್ಯಾನ್) ಮಾಡಿಸಿ ಎಡಗೈ ನಾಳ ಖುಲ್ಲಾ ಅದನೋ ಇಲ್ಲೋ ನೋಡಸ್ರಿ. ಲೈನಿನ ದಪ್ಪ ನಾಳದ ಅಗಲದ 45% ಮೀರಬಾರದು. 4 ಫ್ರೆಂಚ್ (ಲೈನಿನ ದಪ್ಪದ ಅಳತಿ) ಲೈನ್ ಅಂದ್ರ ಸುಮಾರು 1.3 ಮಿ.ಮೀ. ದಪ್ಪ, ಅದಕ್ಕ 3 ಮಿ.ಮೀ. ಆದ್ರೂ ನಾಳ ಬೇಕು. ಔಷಧ ಒಂದಾದ ಮ್ಯಾಲೊಂದು ಕೊಡೋದಾದ್ರ ಸಿಂಗಲ್ ಲೂಮೆನ್ (ಒಳಗ ಒಂದೇ ದಾರಿ ಇರೋ ಲೈನ್) ಸಾಕು. ಡಬಲ್ ಲೂಮೆನ್ ದಪ್ಪ, ಅಪಾಯನೂ ಜಾಸ್ತಿ. ತುದಿ ಹೃದಯದ ಹತ್ರ ದೊಡ್ಡ ನಾಳದ ಕೆಳಭಾಗದಾಗ ಅದ ಅಂತ ಎಕ್ಸ್‌ರೇದಾಗ ಖಾತ್ರಿ ಮಾಡ್ಕೋರಿ. ಮ್ಯಾಲೇ ನಿಂತ್ರ ನಾಳದ ಗ್ವಾಡಿಗೆ ತಾಕಿ ಅಲ್ಲೇ ಹೆಪ್ಪುಗಟ್ಟತದ.

ಮನ್ಯಾಗ ಫ್ಲಶ್ ಮಾಡೋದಕ್ಕ (ಸಲೈನ್ ಹಾಕಿ ಲೈನ್ ತೊಳಿಯೋದಕ್ಕ) 10 ಮಿಲಿ ಸಿರಿಂಜೇ ಬೇಕು. 2 ಮಿಲಿ, 5 ಮಿಲಿ ಸಿರಿಂಜಿನ ಒತ್ತಡಕ್ಕ ಲೈನ್ ಒಡೀಬಹುದು. ಸ್ವಲ್ಪ ಒತ್ತಿ, ನಿಲ್ಲಿಸಿ, ಮತ್ತ ಒತ್ತಿ 10 ಮಿಲಿ ಸಲೈನ್ ಹಾಕ್ರಿ. ಕೊನೀ ಅರ್ಧ ಮಿಲಿ ಒತ್ತುತ್ತಿರುವಾಗಲೇ ಕ್ಲಾಂಪ್ ಬಿಗಿರಿ. ಕೈ ಸಡಿಲ ಬಿಟ್ಟ ಮ್ಯಾಲೆ ಬಿಗಿದ್ರ ರಕ್ತ ಹಿಂದಕ್ಕ ಬಂದು ತುದಿಯಾಗ ಕುಂದರ್ತದ. ಆ ಎರಡು ಔಷಧ ಒಳಗ ಕೂಡಬಾರದು, ನಡುವಿನ ಫ್ಲಶ್ ಬಿಡಬ್ಯಾಡ್ರಿ. ಚೀಟಿಯಾಗ ಹೆಪಾರಿನ್ ಲಾಕ್ (ಲೈನಿನಾಗ ರಕ್ತ ಹೆಪ್ಪುಗಟ್ಟದಂಗ ತುಂಬಿಡೋ ಔಷಧ) ಬರೆದಿದ್ರ ಬಾಟ್ಲಿ ಓದ್ರಿ: ಮೆಡಿಕಲ್‌ದಾಗ ಹೆಚ್ಚಾಗಿ ಸಿಗೋದು ಮಿಲಿಗೆ 1,000 ಇಲ್ಲಾ 5,000 ಯೂನಿಟ್. ಲಾಕಿಗೆ ಬೇಕಾಗೋದು ಮಿಲಿಗೆ 10 ಇಲ್ಲಾ 100 ಅಷ್ಟೇ. ನರ್ಸ್ ಕಲಸಿ ಕೊಡದೆ ಹಾಕಬ್ಯಾಡ್ರಿ.

ವೈದ್ಯರು, ಕಲಬುರಗಿ: ಮೇಲಿನದೆಲ್ಲ ಸರಿ. ಈ ಕಾಯಿಲೆಯಲ್ಲಿ ಇನ್ನೂ ಎರಡು ವಿಷಯ ಸೇರಿಸಬೇಕು. ಮೇದೋಜೀರಕ ಗ್ರಂಥಿ ಕೆಲಸ ಮಾಡದಿದ್ದರೆ ಕೊಬ್ಬಿನ ಜೊತೆ ವಿಟಮಿನ್ ಕೆ ಕೂಡ ಮೈಗೆ ಹತ್ತುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಿಗೂ, ಅದನ್ನು ತಡೆಯುವ ಪ್ರೋಟೀನ್ ಸಿ, ಎಸ್‌ಗಳಿಗೂ ಅದೇ ಬೇಕು. ಆದ್ದರಿಂದ ಲೈನ್ ಹಾಕುವ ಮುಂಚೆ ಪಿಟಿ, ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬ ಪರೀಕ್ಷೆ) ನೋಡಿಸಿ. ಇನ್ನೊಂದು ನಮ್ಮ ಬಿಸಿಲು. ಈ ಮಕ್ಕಳ ಬೆವರಿನಲ್ಲಿ ಉಪ್ಪು ವಿಪರೀತ ಹೋಗುತ್ತದೆ, ಮೈಯಲ್ಲಿ ನೀರು ಕಡಿಮೆಯಾದರೆ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಬರೀ ನೀರು ಸಾಲದು, ಓಆರ್‌ಎಸ್ ಕೊಡಿ. ಬೆವರಿಗೆ ಡ್ರೆಸಿಂಗ್ ಸಡಿಲವಾದರೆ ಏಳು ದಿನ ಕಾಯದೆ ಅಂದೇ ಬದಲಿಸಬೇಕು.

ಲೈನ್ ಹಾಕಿದ ದಿನ ಮೊಣಕೈ ಮಡಿಕೆಯಿಂದ 10 ಸೆಂ.ಮೀ. ಮೇಲೆ ಟೇಪಿನಿಂದ ಸುತ್ತಳತೆ ತೆಗೆದು ಬರೆದಿಡಿ. 3 ಸೆಂ.ಮೀ. ಹೆಚ್ಚಾದರೆ, ಕುತ್ತಿಗೆ ಅಥವಾ ಭುಜ ನೋವು ಬಂದರೆ, ಎದೆ ಮೇಲೆ ರಕ್ತನಾಳಗಳು ಎದ್ದು ಕಂಡರೆ ಅದೇ ದಿನ ಡಾಪ್ಲರ್. ಕಾಲರ್ ಮೂಳೆಯ ಹಿಂದಿನ ನಾಳ ಡಾಪ್ಲರಿನಲ್ಲಿ ಸರಿಯಾಗಿ ಕಾಣುವುದಿಲ್ಲ. ವರದಿ ನಾರ್ಮಲ್ ಬಂದರೂ ಊತ ಇಳಿಯದಿದ್ದರೆ ಸಿಟಿ ವೆನೋಗ್ರಾಂ (ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್) ಕೇಳಿ. ಹಠಾತ್ ಉಸಿರಾಟದ ತೊಂದರೆ, ಎದೆನೋವು, ಕಫದಲ್ಲಿ ರಕ್ತ ಕಂಡರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ತಡಮಾಡದೆ 108ಕ್ಕೆ ಕರೆ ಮಾಡಿ. ಕಫದ ರಕ್ತ ಕಾಯಿಲೆಯಿಂದಲೂ ಬರಬಹುದು, ಆದರೆ ಮನೆಯಲ್ಲೇ ಹಾಗೆಂದು ತೀರ್ಮಾನಿಸಬೇಡಿ. ಹೆಪ್ಪು ಖಚಿತವಾದರೂ ಲೈನ್ ಕೆಲಸ ಮಾಡುತ್ತಿದ್ದು ಬೇಕಾಗಿದ್ದರೆ ತಕ್ಷಣ ತೆಗೆಯಬೇಕೆಂದಿಲ್ಲ; ರಕ್ತ ತೆಳುವಾಗಿಸುವ ಔಷಧ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು. ಕೋರ್ಸ್ ಮುಗಿದ ಮೇಲೆ ಮಾತ್ರ ಲೈನ್ ಒಂದು ದಿನವೂ ಉಳಿಯಬಾರದು.

ಫಾರ್ಮಸಿಸ್ಟ್, ಯಾದಗಿರಿ: ರಕ್ತ ತೆಳು ಮಾಡೋ ಮಾತ್ರೆ ಬರೆದ್ರ ಬಾಕಿ ಎಲ್ಲಾ ಔಷಧದ ಚೀಟಿ ತೋರಸ್ರಿ. ಇಟ್ರಾಕೊನಜೋಲ್ (ಫಂಗಸ್ ಔಷಧ) ಜೋಡಿ ರಕ್ತಸ್ರಾವ ಆಗಬಹುದು, ರಿಫಾಂಪಿಸಿನ್ (ಟಿಬಿ ಔಷಧ) ಜೋಡಿ ಮಾತ್ರೆ ಕೆಲಸಾನೇ ಮಾಡಂಗಿಲ್ಲ. ರಕ್ತ ತೆಳು ಮಾಡೋ ಎನಾಕ್ಸಪರಿನ್ ಇಂಜೆಕ್ಷನ್ 25 ಡಿಗ್ರಿ ಮೀರದ ಜಾಗದಾಗ ಇಡ್ರಿ, ಫ್ರೀಜರ್‌ದಾಗ ಬ್ಯಾಡ.