ಪರ್ಮಿಟ್ ಇಲ್ಲ ಅಂತ ಪ್ಯಾಲೆಸ್ತೀನಿಯರ ಮನೆ ಕೆಡವಿದರೆ ಅದಕ್ಕೆ ಜಿನೀವಾ ಒಪ್ಪಂದ ಹೇಗೆ ಅನ್ವಯಿಸುತ್ತೆ?

ಮೂಟ್_ವಿಜಯನಗರ
ಕಾಲೇಜಿನ ಮೂಟ್ ಕೋರ್ಟಿಗೆ (ಅಣಕು ನ್ಯಾಯಾಲಯದ ಸ್ಪರ್ಧೆ) ಅರ್ಜಿದಾರರ ಪರ ಮೆಮೋರಿಯಲ್ (ಲಿಖಿತ ವಾದ) ಬರೀತಿದ್ದೀವಿ. ವಿಷಯ: ಇಸ್ರೇಲಿನ ವಶದಲ್ಲಿರೋ ಪಶ್ಚಿಮ ದಂಡೆಯಲ್ಲಿ ಅದರ ಸೇನಾಡಳಿತ ಮಾಡೋ ಮನೆಗಳ ನೆಲಸಮ. ನಾಲ್ಕನೇ ಜಿನೀವಾ ಒಪ್ಪಂದದ 53ನೇ ವಿಧಿ (ವಶದಲ್ಲಿಟ್ಟುಕೊಂಡ ನೆಲದಲ್ಲಿ ಆಸ್ತಿ ನಾಶ ಮಾಡಬಾರದು ಅನ್ನೋದು) ಮುಖ್ಯ ಅಂತ ಗೊತ್ತು. ಆದ್ರೆ ಎದುರು ತಂಡದವರು ಖಂಡಿತ ಕೇಳ್ತಾರೆ: "ಬೆಂಗಳೂರಲ್ಲಿ ರಾಜಕಾಲುವೆ ಮೇಲೆ ಕಟ್ಟಿದ ಮನೆಗೆ ಜೆಸಿಬಿ ಬರಲ್ವಾ? ಪರ್ಮಿಟ್ ಇಲ್ಲದ ಕಟ್ಟಡ ಒಡೆಯೋದಕ್ಕೂ ಯುದ್ಧದ ಕಾನೂನಿಗೂ ಏನು ಸಂಬಂಧ?" ಇದಕ್ಕೆ ಉತ್ತರ ಹೇಗೆ ಕಟ್ಟೋದು?

ನಾಗರಭಾವಿ_ವಕೀಲ
ಮೊದಲು ಯಾವ ಅಧಿಕಾರ ಬಳಸಿ ಕೆಡವಿದ್ದಾರೆ ಅನ್ನೋದನ್ನ ನಿಮಗೆ ಕೊಟ್ಟಿರೋ ಪ್ರಕರಣದ ಫ್ಯಾಕ್ಟ್ ಶೀಟ್‌ನಲ್ಲಿ ಹುಡುಕಿ. ಪರ್ಮಿಟ್ ಇಲ್ಲ ಅಂತ ಕೆಡವೋದು, ದಾಳಿ ಮಾಡಿದವನ ಕುಟುಂಬದ ಮನೆಯನ್ನ ಶಿಕ್ಷೆಯಾಗಿ ಕೆಡವೋದು, ಸೇನಾ ಕಾರ್ಯಾಚರಣೆ ಹೆಸರಲ್ಲಿ ಕೆಡವೋದು, ಈ ಮೂರಕ್ಕೂ ವಾದ ಬೇರೆ ಬೇರೆ. ಮೂರನ್ನೂ ಕಲಸಿ ಒಂದೇ ಪ್ಯಾರಾದಲ್ಲಿ "ಯುದ್ಧಾಪರಾಧ" ಅಂತ ಬರೆದ ಮೆಮೋರಿಯಲ್ ಮೊದಲ ಪ್ರಶ್ನೆಗೇ ಕುಸಿಯುತ್ತೆ.

ನಿಮ್ಮದು ಪರ್ಮಿಟ್ ಪ್ರಕರಣ. ಇಲ್ಲಿ 53ಕ್ಕಿಂತ ಮೊದಲು 1907ರ ಹೇಗ್ ನಿಯಮಾವಳಿಯ (ಯುದ್ಧ ಮತ್ತು ವಶಪಡಿಸಿಕೊಂಡ ನೆಲದ ಬಗೆಗಿನ ನಿಯಮಗಳು) 43ನೇ ವಿಧಿಯಿಂದ ಶುರು ಮಾಡಿ. ಪರರ ನೆಲವನ್ನ ವಶದಲ್ಲಿಟ್ಟುಕೊಂಡ ದೇಶ, ತೀರಾ ಅಸಾಧ್ಯ ಅನ್ನೋ ಸಂದರ್ಭ ಬಿಟ್ಟು, ಅಲ್ಲಿ ಮೊದಲಿಂದ ಇದ್ದ ಕಾನೂನನ್ನೇ ಪಾಲಿಸಬೇಕು. ಪಶ್ಚಿಮ ದಂಡೆಯಲ್ಲಿ ಇದ್ದದ್ದು ಜೋರ್ಡಾನಿನ 1966ರ 79ನೇ ನಂಬರಿನ ಯೋಜನಾ ಕಾನೂನು. ಅದರಲ್ಲಿ ಸ್ಥಳೀಯ, ಜಿಲ್ಲಾ ಮಟ್ಟದ ಸಮಿತಿಗಳಿದ್ದವು, ಊರವರ ಮಾತಿಗೆ ಜಾಗ ಇತ್ತು. 1971ರ ಮಿಲಿಟರಿ ಆದೇಶ 418 ಅದನ್ನ ತಿದ್ದಿ, ಯೋಜನೆ ಮಾಡೋ ಅಧಿಕಾರವನ್ನ ಸೇನಾಡಳಿತದ ಕೈಗೆ ಕೊಟ್ಟಿತು. ಇವತ್ತು ಪಶ್ಚಿಮ ದಂಡೆಯ ಸುಮಾರು ಶೇ. 60 ಭಾಗ ಏರಿಯಾ ಸಿ, ಅಂದ್ರೆ ಇಸ್ರೇಲಿನ ಪೂರ್ತಿ ಹಿಡಿತದಲ್ಲಿರೋ ಭಾಗ. ಅದರಲ್ಲಿ ಪ್ಯಾಲೆಸ್ತೀನಿಯರು ಕಟ್ಟಿಕೊಳ್ಳೋಕೆ ಯೋಜನೆ ಮಂಜೂರಾಗಿರೋದು ಶೇ. 1ಕ್ಕಿಂತ ಕಡಿಮೆ ಜಾಗಕ್ಕೆ ಅಂತ ವಿಶ್ವಸಂಸ್ಥೆ ಹೇಳುತ್ತೆ. ಯೋಜನೆ ಇಲ್ಲದ ಕಡೆ ಪರ್ಮಿಟ್ ಸಿಗಲ್ಲ, ಪರ್ಮಿಟ್ ಇಲ್ಲದ್ದಕ್ಕೆ ನೋಟಿಸ್ ಬರುತ್ತೆ. 2018ರ ಆದೇಶ 1797 ಬಂದ ಮೇಲೆ ಹೊಸ ಕಟ್ಟಡ ಅಂತ ಗುರುತಿಸಿದ್ದನ್ನ 96 ಗಂಟೆ ಕಳೆದ ಮೇಲೆ ತೆಗೆಸಬಹುದು. ಅಷ್ಟು ಹೊತ್ತಲ್ಲಿ ವಕೀಲರನ್ನ ಹಿಡಿದು, ನಕ್ಷೆ ತರಿಸಿ, ಅರ್ಜಿ ಹಾಕೋದು ಹೇಗೆ ಅಂತ ನ್ಯಾಯಾಧೀಶರೇ ಲೆಕ್ಕ ಹಾಕಲಿ.

ರಾಜಕಾಲುವೆ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇಲ್ಲಿ ನಿಯಮ ಮಾಡೋ ವಿಧಾನಸಭೆಗೆ ಮನೆ ಕಳೆದುಕೊಂಡವನೂ ಓಟು ಹಾಕ್ತಾನೆ, ಅವನು ಈ ದೇಶದ ಪ್ರಜೆ. (2020ರಲ್ಲಿ ಅವಧಿ ಮುಗಿದ ಮೇಲೆ ಪಾಲಿಕೆಗೆ ವರ್ಷಗಟ್ಟಲೆ ಚುನಾವಣೆ ಆಗದೇ ಇದ್ದದ್ದು ಬೇರೆ ಕಥೆ.) ಅಲ್ಲಿ ಯೋಜನೆ ಮಾಡುವವರು ಸೇನಾಡಳಿತದವರು, ಮನೆಯವರಿಗೆ ಅವರನ್ನ ಆರಿಸೋ ಹಕ್ಕಿಲ್ಲ.

ಇದಾದ ಮೇಲೆ 53ಕ್ಕೆ ಬನ್ನಿ. ಅದರಲ್ಲಿರೋ ವಿನಾಯಿತಿ ಒಂದೇ: ಸೇನಾ ಕಾರ್ಯಾಚರಣೆಗೆ ಸಂಪೂರ್ಣ ಅನಿವಾರ್ಯ ಆಗಿರಬೇಕು. ಕಟ್ಟಡ ನಿಯಮ ಜಾರಿ ಮಾಡೋದು ಸೇನಾ ಕಾರ್ಯಾಚರಣೆ ಅಲ್ಲವೇ ಅಲ್ಲ. ನಾಲ್ಕನೇ ಒಪ್ಪಂದ ಕಾನೂನುರೀತ್ಯಾ ತನಗೆ ಅಲ್ಲಿ ಅನ್ವಯಿಸಲ್ಲ ಅನ್ನೋದು ಇಸ್ರೇಲಿನ ಹಳೇ ನಿಲುವು. ಅಂತಾರಾಷ್ಟ್ರೀಯ ನ್ಯಾಯಾಲಯ 2004ರ ಜುಲೈ 9ರ ಅಭಿಪ್ರಾಯದಲ್ಲಿ ಅದನ್ನ ಒಪ್ಪಿಲ್ಲ. ಆದ್ರೂ ಹೇಗ್ ನಿಯಮಾವಳಿಯ 46ನ್ನೂ (ಖಾಸಗಿ ಆಸ್ತಿಯನ್ನ ಗೌರವಿಸಬೇಕು ಅನ್ನೋದು) ಜೊತೆಗೆ ಹಾಕಿ. ಹೇಗ್ ನಿಯಮಗಳು ರೂಢಿಗತ ಕಾನೂನು (ಸಹಿ ಹಾಕದ ದೇಶಕ್ಕೂ ಅನ್ವಯಿಸೋದು) ಅಂತ ಇಸ್ರೇಲಿನ ಸುಪ್ರೀಂ ಕೋರ್ಟೇ ಒಪ್ಪಿಕೊಂಡಿದೆ, ಹಾಗಾಗಿ ಎದುರಿನವರು ಜಾರಿಕೊಳ್ಳೋಕೆ ಆಗಲ್ಲ.

ಮೂಟ್_ವಿಜಯನಗರ
ಧನ್ಯವಾದ ಸರ್. ಫ್ಯಾಕ್ಟ್ ಶೀಟ್‌ನಲ್ಲಿ ಎರಡನೇ ಮನೆ ಒಂದಿದೆ: ಮಗ ದಾಳಿಯ ಆರೋಪಿ, ಮನೆ ತಂದೆಯ ಹೆಸರಲ್ಲಿ. ಅದಕ್ಕೆ?

ಟಿಪ್ಪಣಿ_ಮಲ್ಲೇಶ್ವರ
ಅದು ಶಿಕ್ಷೆಯ ನೆಲಸಮ. ಬಳಸೋದು ಬ್ರಿಟಿಷರ ಕಾಲದ 1945ರ ರಕ್ಷಣಾ (ತುರ್ತು) ನಿಯಮಗಳ 119ನೇ ನಿಯಮ. ಸಾಮಾನ್ಯವಾಗಿ ಸೈನಿಕರು ಮೊದಲು ಬಂದು ಮನೆಯ ಅಳತೆ ತಗೊಂಡು ಹೋಗ್ತಾರೆ, ಆಮೇಲೆ ಉದ್ದೇಶದ ನೋಟಿಸ್, ಆಕ್ಷೇಪಣೆಗೆ ಸಿಗೋದು ಹೆಚ್ಚಾಗಿ 48 ಗಂಟೆ. ಸೇನಾಧಿಕಾರಿ ತಿರಸ್ಕರಿಸಿದರೆ ಹೈಕೋರ್ಟ್ ಪೀಠವಾಗಿ ಕೂರೋ ಅಲ್ಲಿನ ಸುಪ್ರೀಂ ಕೋರ್ಟಿಗೆ ಅರ್ಜಿ. ಆರೋಪಿಗೆ ಶಿಕ್ಷೆ ಆಗಿರಲೇಬೇಕು ಅಂತಿಲ್ಲ. ಕೆಲವು ಸಲ ಕೆಡವೋ ಬದಲು ಕೋಣೆಗೆ ಕಾಂಕ್ರೀಟ್ ಸುರಿದು ಮುಚ್ತಾರೆ. ಫ್ಯಾಕ್ಟ್ ಶೀಟ್‌ನಲ್ಲಿ "ಸೀಲ್" ಅಂತ ಇದ್ದರೆ ಅದೂ ಇದೇ ಲೆಕ್ಕಕ್ಕೆ ಸೇರುತ್ತೆ.

ಇಸ್ರೇಲಿನ ವಾದ: ಇದು ಶಿಕ್ಷೆ ಅಲ್ಲ, ಮುಂದಿನವರಿಗೆ ಹೆದರಿಕೆ. ಇದನ್ನ ಎರಡು ಕಡೆಯಿಂದ ಹೊಡೀಬಹುದು. ಸೇನೆಯ ಸಮಿತಿಯೊಂದರ ಶಿಫಾರಸಿನ ಮೇಲೆ 2005ರಲ್ಲಿ ಇಸ್ರೇಲೇ ಈ ಪದ್ಧತಿ ನಿಲ್ಲಿಸಿತ್ತು, 2014ರಲ್ಲಿ ಮತ್ತೆ ಶುರು ಮಾಡಿತು. ಹೆದರಿಕೆ ಹುಟ್ಟುತ್ತೆ ಅನ್ನೋ ಮಾತಿನ ಮೇಲೆ ಅವರಿಗೇ ಅನುಮಾನ ಇತ್ತು ಅನ್ನೋದಕ್ಕೆ ಇದು ಸಾಕು. ಎರಡನೆಯದು ಇನ್ನೂ ಗಟ್ಟಿ: ಶಿಕ್ಷೆಯ ಸ್ವರೂಪದ ನೆಲಸಮ ಸೇನಾ ಕಾರ್ಯಾಚರಣೆಗೆ ಅನಿವಾರ್ಯ ಆಗೋಕೇ ಸಾಧ್ಯ ಇಲ್ಲ ಅಂತ ಅಂತಾರಾಷ್ಟ್ರೀಯ ನ್ಯಾಯಾಲಯ 2024ರ ಜುಲೈ 19ರ ಅಭಿಪ್ರಾಯದಲ್ಲಿ ಹೇಳಿದೆ. ಪರ್ಮಿಟ್ ನೆಲಸಮವನ್ನೂ ಅದೇ ಅಭಿಪ್ರಾಯ ತಾರತಮ್ಯ ಅಂದಿದೆ, ಆ ಭಾಗ ನಿಮ್ಮ ಮೊದಲ ಮನೆಗೆ. ಅದು ಸಲಹಾ ಅಭಿಪ್ರಾಯ, ತೀರ್ಪಲ್ಲ. "ಕೋರ್ಟ್ ಆದೇಶಿಸಿದೆ" ಅಂತ ಬರೆದು ಸಿಕ್ಕಿಹಾಕಿಕೊಳ್ಳಬೇಡಿ. ತಂದೆಯ ಪರವಾಗಿ ನಾಲ್ಕನೇ ಜಿನೀವಾ ಒಪ್ಪಂದದ 33ನೇ ವಿಧಿ ಸೇರಿಸಿ: ತಾನು ಮಾಡದ ತಪ್ಪಿಗೆ ಯಾರನ್ನೂ ಶಿಕ್ಷಿಸುವಂತಿಲ್ಲ.

ಅಂಕಿಅಂಶ_ಜಯನಗರ
ಅಂಕಿ ಹಾಕುವಾಗ ಹುಷಾರ್. ವಿಶ್ವಸಂಸ್ಥೆಯ ಮಾನವೀಯ ನೆರವಿನ ಕಚೇರಿ ಓಚಾದ ದತ್ತಾಂಶ 2009ರಿಂದ ಇದೆ, ಆದ್ರೆ ಅದು ಎಣಿಸೋದು ಕಟ್ಟಡಗಳನ್ನ, ಬರೀ ಮನೆಗಳನ್ನಲ್ಲ. ಕುರಿ ಕೊಟ್ಟಿಗೆ, ನೀರಿನ ತೊಟ್ಟಿ, ಅಂಗಡಿ, ಟೆಂಟ್ ಎಲ್ಲ ಸೇರುತ್ತೆ. ಒಟ್ಟು ಸಂಖ್ಯೆ ಎತ್ತಿ "ಇಷ್ಟು ಮನೆ" ಅಂತ ಬರೆಯೋದು ಪತ್ರಿಕೆಗಳಲ್ಲೂ ನಡೆಯುತ್ತೆ. ವಾಸವಿದ್ದ ಮನೆ ಅನ್ನೋ ವರ್ಗ ಬೇರೆ ಆರಿಸಿ, ಏರಿಯಾ ಸಿ ಮತ್ತು ಪೂರ್ವ ಜೆರುಸಲೇಂ ಬೇರೆ ಮಾಡಿ. ಪೂರ್ವ ಜೆರುಸಲೇಮಿನಲ್ಲಿ ಪಾಲಿಕೆ ಕೆಡವಿ ಅದರ ಖರ್ಚನ್ನೂ ವಸೂಲಿ ಮಾಡುತ್ತೆ ಅಂತ ಮಾಲೀಕರೇ ತಮ್ಮ ಮನೆ ಒಡೆದುಕೊಳ್ಳೋದು ಸಾಮಾನ್ಯ. ಅವನ್ನ "ಸ್ವಯಂಪ್ರೇರಿತ" ಅಂತ ಎದುರಿನವರು ಲೆಕ್ಕದಿಂದ ತೆಗೀತಾರೆ, ಬಿಡಬೇಡಿ.

ಮೂಟ್_ವಿಜಯನಗರ
ಅದೇ ಜಿನೀವಾ ಒಪ್ಪಂದದ 147ನೇ ವಿಧಿಯನ್ನೂ ಹಾಕಿ ಗಂಭೀರ ಉಲ್ಲಂಘನೆ ಅನ್ನಬಹುದಾ? ಗಾಜಾ ಉದಾಹರಣೆ?

ನಾಗರಭಾವಿ_ವಕೀಲ
147ಕ್ಕೆ ನಾಶ ವ್ಯಾಪಕ ಆಗಿರಬೇಕು, ಕಾನೂನುಬಾಹಿರ ಆಗಿರಬೇಕು, ಮನಸೋ ಇಚ್ಛೆ ಮಾಡಿದ್ದಾಗಿರಬೇಕು. ಎರಡು ಮನೆ ಇಟ್ಟುಕೊಂಡು ವ್ಯಾಪಕ ಅನ್ನೋದು ಕಷ್ಟ. ಹಾಕಲೇಬೇಕು ಅಂದ್ರೆ ಪರ್ಯಾಯ ವಾದವಾಗಿ, ಕೊನೆಗೆ ಹಾಕಿ. ಗಾಜಾ ತರಬೇಡಿ. ಬಾಂಬ್ ಬಿದ್ದು ಉರುಳಿದ ಮನೆಗೆ ಗುರಿಯ ಆಯ್ಕೆ, ಪ್ರಮಾಣಬದ್ಧತೆಯ (ಸೇನಾ ಲಾಭಕ್ಕೆ ಮೀರಿ ಜನರಿಗೆ ಹಾನಿ ಆಗಬಾರದು ಅನ್ನೋ) ನಿಯಮ. ಸೈನ್ಯ ಜಾಗ ಹಿಡಿದ ಮೇಲೆ ಸ್ಫೋಟಕ ಇಟ್ಟು ಸಾಲಾಗಿ ಉರುಳಿಸಿದರೆ ಮತ್ತೆ 53, ಹೇಗ್ 23(ಜಿ) (ಯುದ್ಧಕ್ಕೆ ಅನಿವಾರ್ಯ ಅಲ್ಲದ ಆಸ್ತಿ ನಾಶದ ನಿಷೇಧ), ಅನಿವಾರ್ಯತೆಯನ್ನ ಒಂದೊಂದು ಮನೆಗೂ ತೋರಿಸಬೇಕು. ನಿಮ್ಮ 20 ಪುಟದ ಮೆಮೋರಿಯಲ್‌ಗೆ ಅದು ಭಾರ.

ಇನ್ನೊಂದು. ನಮ್ಮ ಸುಪ್ರೀಂ ಕೋರ್ಟಿನ 2024ರ ನವೆಂಬರ್ 13ರ ಬುಲ್ಡೋಜರ್ ತೀರ್ಪನ್ನ ಉತ್ಸಾಹದಲ್ಲಿ ಉಲ್ಲೇಖಿಸೋಕೆ ಹೋಗಬೇಡಿ. 15 ದಿನದ ನೋಟಿಸ್, ಖುದ್ದು ವಿಚಾರಣೆ, ವಿಡಿಯೋ ದಾಖಲೆ ಎಲ್ಲ ಚೆನ್ನಾಗಿದೆ. ಆದ್ರೆ ರಸ್ತೆ, ಫುಟ್‌ಪಾತ್, ರೈಲು ಹಳಿ ಪಕ್ಕ, ನದಿ, ಜಲಮೂಲಗಳ ಮೇಲಿನ ಅನಧಿಕೃತ ಕಟ್ಟಡಗಳಿಗೆ ಅದು ಅನ್ವಯಿಸಲ್ಲ. ಎದುರಿನವರು ಆ ಸಾಲು ಹಿಡಿದು ನಿಮ್ಮನ್ನ ಮತ್ತೆ ರಾಜಕಾಲುವೆಗೇ ಎಳೀತಾರೆ.