ಜನ್ಮಪಾಪ, ಮೂಲಪಾಪ: ಎರಡೂ ಒಂದೆಯೇ?

ಗೆಳೆಯರೆ,

ಕ್ರೈಸ್ತ ಧರ್ಮವನ್ನು ಪರಿಚಯಿಸುವ ಹಸ್ತಪ್ರತಿಯೊಂದನ್ನು ತಿದ್ದುತ್ತಿದ್ದೇನೆ. ಆದಾಮನು ದೇವರ ಮಾತು ಮೀರಿದ್ದರಿಂದ ಮನುಷ್ಯಕುಲಕ್ಕೆಲ್ಲ ತಗುಲಿದ ಪಾಪವನ್ನು ಲೇಖಕರು ಒಂದು ಪುಟದಲ್ಲಿ ‘ಜನ್ಮಪಾಪ’ ಎಂದೂ ಇನ್ನೊಂದರಲ್ಲಿ ‘ಮೂಲಪಾಪ’ ಎಂದೂ ಕರೆದಿದ್ದಾರೆ. ಎರಡೂ ಬಳಕೆಯಲ್ಲಿವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಲ್ಯಾಟಿನ್‌ನಲ್ಲಿ ಇದು ‘ಪೆಕ್ಕಾಟುಂ ಒರಿಗಿನಾಲೆ’, ಸಂತ ಅಗಸ್ಟೀನ್ (354–430) ನೆಲೆಗೊಳಿಸಿದ ಮಾತು. ಮುಂದಿನ ಪಂಡಿತರು ಇದನ್ನು ಎರಡಾಗಿ ಬಿಡಿಸಿದರು: ಆದಾಮ ಮಾಡಿದ ಕೃತ್ಯ ‘ಒರಿಗಿನಾನ್ಸ್’, ಅದರಿಂದ ನಮಗೆ ಬಂದ ಸ್ಥಿತಿ ‘ಒರಿಗಿನಾಟುಂ’. ಕನ್ನಡದಲ್ಲಿ ಹೇಳುವುದಾದರೆ ಮೊದಲನೆಯದು ಹುಟ್ಟಿಸಿದ ಪಾಪ, ಎರಡನೆಯದು ಹುಟ್ಟಿನೊಡನೆ ಬಂದ ಪಾಪ. ಹೀಗೆ ನೋಡಿದರೆ ಆದಾಮನದು ಮೂಲಪಾಪ, ನಮ್ಮದು ಜನ್ಮಪಾಪ. ಲೇಖಕರಿಗೆ ಹಾಗೆಯೇ ಸೂಚಿಸೋಣವೆಂದಿದ್ದೆ.

ಅಷ್ಟರಲ್ಲಿ ಪರಿಚಯದವರ ಮಗುವಿನ ಜ್ಞಾನಸ್ನಾನಕ್ಕೆ ಹೋದೆ. ನೆತ್ತಿಯ ಮೇಲೆ ನೀರು ಬಿದ್ದೊಡನೆ ಕೂಸು ಬೆಚ್ಚಿ ಅತ್ತಿತು. ಜನ್ಮಪಾಪ ತೊಳೆಯುವ ಸ್ನಾನವಿದು ಎಂದು ಯಾರೋ ಹೇಳಿದ್ದನ್ನು ಕೇಳಿ, ಪಕ್ಕದಲ್ಲಿದ್ದ ನೆರೆಮನೆಯ ಅಜ್ಜಿ, “ಪಾಪ, ಯಾವ ಜನ್ಮದಲ್ಲಿ ಏನು ಮಾಡಿತ್ತೋ!” ಎಂದರು. ನಮ್ಮ ಕಿವಿಗೆ ‘ಜನ್ಮ’ ಎಂದೊಡನೆ ಹಿಂದಿನ ಜನ್ಮ ಬಂದು ನಿಲ್ಲುತ್ತದೆ. ಕರ್ಮದಲ್ಲಿ ಮಾಡಿದವನೂ ಉಣ್ಣುವವನೂ ಒಬ್ಬನೇ. ಇಲ್ಲಿ ಮಾಡಿದವನೊಬ್ಬ, ಹೊರುವವರು ಎಲ್ಲರೂ. ಸಿದ್ಧಾಂತದ ತಿರುಳನ್ನೇ ಪದ ಮರೆಮಾಡಿಬಿಟ್ಟರೆ ಅದನ್ನು ಉಳಿಸಿಕೊಳ್ಳುವುದು ಹೇಗೆ?

ಜರ್ಮನ್ನರ ಪದ ‘ಎರ್ಬ್‌ಸ್ಯುಂಡೆ’. ‘ಎರ್ಬೆ’ ಎಂದರೆ ಹಿರಿಯರಿಂದ ಬಂದ ಸ್ವತ್ತು. ಇದಕ್ಕೆ ನಮ್ಮಲ್ಲಿ ‘ಪಿತ್ರಾರ್ಜಿತ’ ಸಿದ್ಧವಾಗಿಯೇ ಇದೆ. ತಾನೇ ಮಾಡಿದ ಪಾಪಕ್ಕೆ ‘ಸ್ವಯಾರ್ಜಿತ’ ಎನ್ನಬಹುದು. ಆಸ್ತಿಪತ್ರದ ಈ ಜೋಡಿ ಹಳ್ಳಿಯವರಿಗೂ ಥಟ್ಟನೆ ತಿಳಿಯುತ್ತದೆ, ನನಗೆ ಬಹಳ ಹಿಡಿಸಿದೆ. ಮಲಯಾಳದ ‘ಜನ್ಮಪಾಪ–ಕರ್ಮಪಾಪ’ಕ್ಕಿಂತ ಇದು ನಮಗೆ ಹೆಚ್ಚು ಹೊಂದುತ್ತದೆ ಎನಿಸುತ್ತದೆ. ತೊಡಕೂ ಇದೆ: ಪಿತ್ರಾರ್ಜಿತದಲ್ಲಿ ಹಕ್ಕಿನ ವಾಸನೆಯಿದೆ, ಪಾಲು ಬೇಡವೆಂದು ಬರೆದುಕೊಡಲೂಬಹುದು.

‘ಪಾಪ’ ಎನ್ನುವುದೇ ಇಲ್ಲಿ ಸರಿಯೇ ಎಂಬುದು ಇನ್ನೂ ಆಳದ ಪ್ರಶ್ನೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ ಪ್ರಕಾರ ಇದು ಮಾಡಿದ್ದಲ್ಲ, ಅಂಟಿದ್ದು, ಕೃತ್ಯವಲ್ಲ, ಸ್ಥಿತಿ. ಪೂರ್ವದ ಆರ್ಥೊಡಾಕ್ಸ್ ಸಭೆಗಳಂತೂ ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದುರ್ಬಲತೆ, ಅಪರಾಧವಲ್ಲ ಎನ್ನುತ್ತವೆ. ಕನ್ನಡದಲ್ಲಿ ಪಾಪವನ್ನು ಮಾಡುತ್ತೇವೆ, ದೋಷ ತಗಲುತ್ತದೆ. ಹಾಗಾದರೆ ‘ದೋಷ’ವೇ ಹತ್ತಿರವಲ್ಲವೇ? ಆದರೆ ‘ಜನ್ಮದೋಷ’ ಎಂದರೆ ಓದುಗರು ಜಾತಕವನ್ನೋ ಅಂಗವೈಕಲ್ಯವನ್ನೋ ನೆನೆಯುತ್ತಾರೆ. ಆ ಕ್ರೌರ್ಯ ನನಗೆ ಬೇಡ.

ಸದ್ಯಕ್ಕೆ ಆದಾಮನದಕ್ಕೆ ‘ಮೂಲಪಾಪ’ವನ್ನೂ ನಮ್ಮದಕ್ಕೆ ‘ಹುಟ್ಟಿನೊಡನೆ ಬಂದ ಪಾಪ’ವನ್ನೂ ಪೆನ್ಸಿಲಿನಲ್ಲಿ ಗುರುತಿಸಿಟ್ಟಿದ್ದೇನೆ. ನಿಮ್ಮ ಚರ್ಚಿನಲ್ಲಿ, ಮನೆಯ ಹಳೆಯ ಪ್ರಾರ್ಥನಾ ಪುಸ್ತಕಗಳಲ್ಲಿ ಇದಕ್ಕೆ ಯಾವ ಪದವಿದೆ? ಮಂಗಳೂರಿನ ಕಡೆಯವರು ಮತ್ತು ಮೈಸೂರಿನ ಕಡೆಯವರು ಬೇರೆ ಬೇರೆ ಹೇಳುತ್ತೀರಾ? ಪೂರ್ತಿ ವಾಕ್ಯವನ್ನೇ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.